ಮೊಳಕೆಯ ಪರೀಕ್ಷೆ

ಬೆಳೆಯುವ ಸಿರಿಯು ಮೊಳಕೆಯಲ್ಲಿಯೇ ತೋರುವುದೆಂಬ ಗಾದೆಯನ್ನು ಅರಿಯದ ಮನೆಯು ನಮ್ಮ ನಾಡಿನಲ್ಲಿ ಇರಲಾರದು. ಮೂವತ್ತು ವರ್ಷಗಳಿಗೂ ಮಿಕ್ಕಿ ಉಪಾಧ್ಯಾಯವೃತ್ತಿಯಲ್ಲಿದ್ದ ನಮಗಂತೂ ಅದು ನಿತ್ಯಪಾಠವಾಗಿದ್ದಿತು. ಮಗನನ್ನು ಕರೆದುಕೊಂಡು ಶಾಲೆಗೆ ಬಂದ ತಂದೆಯು ಮೊದಲು ಅಂಕಗಳ ಮಾತನ್ನೆತ್ತಿ, ಬಳಿಕ ಹುಡುಗನನ್ನು ಹೊರಗೆ ಕಳುಹಿಸಿ, ದನಿಯನ್ನು ತಗ್ಗಿಸಿ, "ಇವನು ಮುಂದೆ ಬರುತ್ತಾನೆಯೆ, ಸ್ವಾಮಿ?" ಎಂದು ಕೇಳುವನು. ಹೊಲವನ್ನು ಒತ್ತೆಯಿಡಬೇಕೋ ಬೇಡವೋ, ಪಟ್ಟಣಕ್ಕೆ ಕಳುಹಿಸಬೇಕೋ ಅಂಗಡಿಯಲ್ಲಿ ಕೂರಿಸಬೇಕೋ ಎಂಬ ಒಂದು ಸಂಸಾರದ ಯೋಚನೆಯೆಲ್ಲವೂ ಆ ಪ್ರಶ್ನೆಯೊಳಗೆ ಅಡಗಿರುವುದು. ಅದಕ್ಕೆ ಉತ್ತರ ಹೇಳುವುದು ಎಷ್ಟು ಕಷ್ಟವೆಂಬುದು ಹೇಳಬೇಕಾಗಿ ಬಂದವರಿಗೇ ಗೊತ್ತು.

ಇದೇ ಪ್ರಶ್ನೆಯನ್ನು ದೂರದ ಅಮೆರಿಕದಲ್ಲಿ ವರ್ಷಕ್ಕೊಮ್ಮೆ ಬಹಿರಂಗವಾಗಿ ಕೇಳಿ, ಕೋಟ್ಯಂತರ ಹಣವನ್ನು ಪಣವಾಗಿಟ್ಟು ಉತ್ತರ ಹೇಳುವರೆಂಬುದು ನಮಗೆ ತಿಳಿದುಬಂದುದು ನಮ್ಮ ವಿಶ್ರಾಂತಿಯ ದಿನಗಳಲ್ಲಿ. ನಮ್ಮ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಿರುವ ಸೋದರಳಿಯನಿಗೆ ಬ್ಯಾಸ್ಕೆಟ್‌ಬಾಲ್ ಆಟದಲ್ಲಿ ವಿಪರೀತ ಆಸಕ್ತಿ. ಅಲ್ಲಿ ರಾತ್ರಿ ನಡೆಯುವ ಪಂದ್ಯಗಳು ನಮ್ಮಲ್ಲಿ ಬೆಳಗಿನ ಹೊತ್ತಿಗೆ ಕಾಣುವುವಾದುದರಿಂದ ನಮ್ಮ ಸಂಧ್ಯಾವಂದನೆಯೂ ಅವನ ಪಂದ್ಯವೂ ಒಂದೇ ಮುಹೂರ್ತದಲ್ಲಿ ನಡೆಯುವುವು. ಯಾವುದಾದರೊಂದು ಕಾಲೇಜಿನ ಎಳೆಯ ಪಾಯಿಂಟ್ ಗಾರ್ಡನ ಹೆಸರನ್ನೆತ್ತಿ, ಅವನು ವೃತ್ತಿಪರರ ಆಟದಲ್ಲಿ ನಿಂತಾನೇ ಎಂದು ಅವನೂ ಅವನ ಗೆಳೆಯರೂ ಗಂಟೆಗಟ್ಟಲೆ ವಾದಿಸುವರು. ಕೇಳುತ್ತ ಕೇಳುತ್ತ ಇದು ನಮ್ಮ ಹಳೆಯ ಪ್ರಶ್ನೆಯೇ ಎಂದು ನಮಗೆ ಹೊಳೆಯಿತು. ಭೇದವೊಂದುಂಟು. ನಮ್ಮ ಶಿಷ್ಯರು ಊರು ಬಿಟ್ಟು ಹೋದಮೇಲೆ ಹತ್ತರಲ್ಲಿ ಒಬ್ಬನ ಸಮಾಚಾರವೂ ನಮಗೆ ತಲುಪುವುದಿಲ್ಲ. ಅಲ್ಲಿಯಾದರೋ ಪ್ರತಿಯೊಬ್ಬ ಆಟಗಾರನ ಪ್ರತಿಯೊಂದು ಪಂದ್ಯವೂ ಲೆಕ್ಕದಲ್ಲಿ ದಾಖಲಾಗಿರುವುದು; ಆಡಿದ ಮಾತನ್ನೂ ನಡೆದ ಸಂಗತಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ಆದುದರಿಂದ ಒಂದು ವರ್ಷದ ಒಂದು ಆಯ್ಕೆಯನ್ನು ಹಿಡಿದು ಈ ವಿಚಾರವನ್ನು ವಾಚಕರ ಮುಂದಿಡುವೆವು.

ಆಟದ ಪರಿಚಯವಿಲ್ಲದವರಿಗಾಗಿ ಮೊದಲು ಎರಡು ಮಾತು. ೧೮೯೧ನೆಯ ಇಸವಿಯ ಡಿಸೆಂಬರಿನಲ್ಲಿ, ಮ್ಯಾಸಚೂಸೆಟ್ಸ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿ, ಜೇಮ್ಸ್ ನೇಸ್ಮಿತ್ ಎಂಬ ಉಪಾಧ್ಯಾಯನು ಚಳಿಗಾಲದಲ್ಲಿ ವಿದ್ಯಾರ್ಥಿಗಳಿಗೆ ಮಾಡಿನ ಕೆಳಗೆ ವ್ಯಾಯಾಮವಾಗಲೆಂದು, ಪೀಚ್ ಹಣ್ಣಿನ ಬುಟ್ಟಿಗಳೆರಡನ್ನು ಎತ್ತರದಲ್ಲಿ ಕಟ್ಟಿಸಿ ಈ ಆಟವನ್ನು ಹೂಡಿದನು. ಈಗ ಪಕ್ಷಕ್ಕೆ ಐವರು. ನೆಲದಿಂದ ಹತ್ತು ಅಡಿ ಎತ್ತರದಲ್ಲಿರುವ ಬಳೆಯೊಳಕ್ಕೆ ಚೆಂಡನ್ನು ಹಾಕಬೇಕು. ಸಮೀಪದಿಂದ ಹಾಕಿದರೆ ಎರಡು ಅಂಕ, ನೆಲದ ಮೇಲೆ ಬರೆದ ದೊಡ್ಡ ಗೆರೆಯ ಆಚೆಯಿಂದ ಹಾಕಿದರೆ ಮೂರು. ಐವರಲ್ಲಿ ಸಾಮಾನ್ಯವಾಗಿ ಎಲ್ಲರಿಗಿಂತ ಕುಳ್ಳಗಿರುವವನು ಪಾಯಿಂಟ್ ಗಾರ್ಡ್. ಚೆಂಡನ್ನು ನೆಲಕ್ಕೆ ಪುಟಿಸುತ್ತ ತಂದು, ಯಾರಿಗೆ ಎಲ್ಲಿ ಯಾವಾಗ ಕೊಡಬೇಕೆಂಬುದನ್ನು ನಿಶ್ಚಯಿಸುವವನು ಇವನೇ. ಸಂತರ್ಪಣೆಯ ಪಂಕ್ತಿಯಲ್ಲಿ ನಿಪುಣನಾದ ಬಡಿಸುವವನನ್ನು ವಾಚಕರು ನೋಡಿಯೇ ಇರುವರು. ಯಾರ ಎಲೆಯಲ್ಲಿ ಏನು ಮುಗಿಯಿತೆಂಬುದು ಉಣ್ಣುವವನು ಕೇಳುವುದಕ್ಕೆ ಮುಂಚೆಯೇ ಅವನಿಗೆ ಗೊತ್ತಾಗಿರುವುದು. ಪಾಯಿಂಟ್ ಗಾರ್ಡನ ಕೆಲಸವೂ ಅಂತಹುದೇ. ಸಮಯ ಬಂದಾಗ ತಾನೂ ಬುಟ್ಟಿಗೆ ಎಸೆಯಬಲ್ಲವನಾಗಿರಬೇಕೆಂಬುದು ಮಾತ್ರ ಹೆಚ್ಚಿನ ಹೊರೆ.

ಕಾಲೇಜಿನಲ್ಲಿ ಈ ಕೆಲಸವನ್ನು ಚೆನ್ನಾಗಿ ಮಾಡಿದವನು ವೃತ್ತಿಪರರ ನಡುವೆಯೂ ಮಾಡಲಾರನೇ ಎಂದು ಕೇಳಬಹುದು. ಲೆಕ್ಕವನ್ನು ನೋಡಿರಿ. ಅಮೆರಿಕದಲ್ಲಿ ಮೇಲ್ದರ್ಜೆಯ ಕಾಲೇಜು ತಂಡಗಳು ೩೫೦ಕ್ಕೂ ಹೆಚ್ಚು. ಎನ್.ಬಿ.ಎ. ಎಂಬ ವೃತ್ತಿಪರರ ಕೂಟದಲ್ಲಿರುವುದು ೩೦ ತಂಡ, ತಂಡಕ್ಕೆ ೧೫ರಂತೆ ೪೫೦ ಪೂರ್ಣಸ್ಥಾನ. ವರ್ಷಕ್ಕೊಮ್ಮೆ ನಡೆಯುವ ಆಯ್ಕೆಯಲ್ಲಿ ಲೋಕದ ಎಲ್ಲ ದೇಶಗಳಿಂದಲೂ ಕೂಡಿ ಸುಮಾರು ೬೦ ಮಂದಿ ತರುಣರನ್ನು ಮಾತ್ರ ಕರೆಯುವರು. ಕರೆದ ಮೇಲೂ ಆಟ ಬೇರೆಯಾಗುವುದು. ಕಾಲೇಜಿನ ಪಂದ್ಯ ೪೦ ನಿಮಿಷ, ಇಲ್ಲಿಯದು ೪೮. ಅಲ್ಲಿ ವರ್ಷಕ್ಕೆ ಮೂವತ್ತು ಚಿಲ್ಲರೆ ಪಂದ್ಯ, ಇಲ್ಲಿ ೮೨. ನಾವು ಹೇಳಹೊರಟಿರುವ ೨೦೦೯ರಲ್ಲಿ, ಚೆಂಡು ಕೈಗೆ ಬಂದ ಪಕ್ಷವು ಕಾಲೇಜಿನಲ್ಲಿ ೩೫ ಸೆಕೆಂಡುಗಳೊಳಗೆ ಎಸೆಯಬೇಕಾಗಿದ್ದಿತು, ಇಲ್ಲಿ ೨೪ರೊಳಗೆ. ಮೂರಂಕದ ಗೆರೆಯು ಅಲ್ಲಿ ಬುಟ್ಟಿಯಿಂದ ೨೦ ಅಡಿ ೯ ಅಂಗುಲ ದೂರದಲ್ಲಿದ್ದರೆ, ಇಲ್ಲಿ ನೇರ ಎದುರಿನಿಂದ ೨೩ ಅಡಿ ೯ ಅಂಗುಲ. ಯೋಚಿಸುವುದಕ್ಕೆ ಕಾಲ ಕಡಮೆ, ಎಸೆಯುವುದಕ್ಕೆ ದೂರ ಹೆಚ್ಚು, ಎದುರಿಗೆ ನಿಂತವರು ಹತ್ತು ಹದಿನೈದು ವರ್ಷ ಇದನ್ನೇ ಉಸಿರಾಡಿದ ಪ್ರೌಢರು. ತಾಲ್ಲೂಕಿಗೇ ಮೊದಲಿಗನಾದ ಹುಡುಗನು ಪಟ್ಟಣದ ಕಾಲೇಜಿನಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಬೆಬ್ಬಳಿಸುವುದನ್ನು ಬಲ್ಲವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾದುದಿಲ್ಲ.

ಇನ್ನೊಂದು ಸಂಗತಿ. ಹಿಂದಿನ ವರ್ಷ ಸೋತು ಹಿಂದುಳಿದ ತಂಡಗಳಿಗೆ ಮೊದಲು ಆರಿಸಿಕೊಳ್ಳುವ ಅನುಕೂಲ ಹೆಚ್ಚು; ಮೊದಮೊದಲ ಸ್ಥಾನಗಳನ್ನು ಚೀಟಿಯೆತ್ತಿ ನಿರ್ಣಯಿಸುವರು. ತಂಡವು ತರುಣನನ್ನು ಆರಿಸುವುದೇ ಹೊರತು ತರುಣನು ತಂಡವನ್ನು ಆರಿಸುವಂತಿಲ್ಲ. ಸರ್ಕಾರದ ವರ್ಗಾವಣೆಯ ಆಜ್ಞೆಯನ್ನು ಕೈಯಲ್ಲಿ ಹಿಡಿದು, ಮುಂದಿನ ಊರಿನ ನೀರು ಹೇಗೋ ಜನ ಹೇಗೋ ಎಂದು ಹಾಸಿಗೆ ಸುತ್ತಿದ ಯಾವ ಉಪಾಧ್ಯಾಯನಿಗಾದರೂ ಇದರ ಅರ್ಥವಾಗುವುದು.

೨೦೦೯ನೆಯ ಇಸವಿ ಜೂನ್ ೨೫ರಂದು ನ್ಯೂಯಾರ್ಕಿನಲ್ಲಿ ಆ ವರ್ಷದ ಆಯ್ಕೆ ನಡೆಯಿತು. ಮಿನ್ನೆಸೋಟ ತಂಡಕ್ಕೆ ಐದನೆಯ ಮತ್ತು ಆರನೆಯ ಸ್ಥಾನಗಳೆರಡೂ ದೊರೆತಿದ್ದುವು. ಬೇಕಾಗಿದ್ದುದು ಪಾಯಿಂಟ್ ಗಾರ್ಡ್. ಐದನೆಯವನಾಗಿ ಸ್ಪೇನ್ ದೇಶದ ರಿಕಿ ರುಬಿಯೊ ಎಂಬ ಹದಿನೆಂಟರ ಬಾಲಕನನ್ನೂ, ಆರನೆಯವನಾಗಿ ಸಿರಕ್ಯೂಸ್ ವಿಶ್ವವಿದ್ಯಾನಿಲಯದ ಜಾನಿ ಫ್ಲಿನ್ ಎಂಬವನನ್ನೂ ಅವರು ಆರಿಸಿಕೊಂಡರು. ಏಳನೆಯ ಸ್ಥಾನದ ಗೋಲ್ಡನ್ ಸ್ಟೇಟ್ ತಂಡವು, ಡೇವಿಡ್ಸನ್ ಎಂಬ ಸಣ್ಣ ಕಾಲೇಜಿನಿಂದ ಬಂದ ಸ್ಟೀಫನ್ ಕರಿ ಎಂಬವನನ್ನು ಕರೆಯಿತು. ಇವರಲ್ಲಿ ಕಾಲೇಜಿನಿಂದ ಬಂದವರು ಫ್ಲಿನ್ನನೂ ಕರಿಯೂ. ಇವರಿಬ್ಬರನ್ನೂ ನಾವು ನೋಡೋಣ.

ಜಾನಿ ಫ್ಲಿನ್ನನ ಮೊಳಕೆಯಲ್ಲಿ ಯಾವ ಕುಂದನ್ನು ಹೇಳೋಣ? ಆ ವರ್ಷದ ಮಾರ್ಚ್ ೧೨ರಂದು ನ್ಯೂಯಾರ್ಕಿನಲ್ಲಿ ಸಿರಕ್ಯೂಸ್ ಮತ್ತು ಕನೆಕ್ಟಿಕಟ್ ತಂಡಗಳಿಗೆ ಪಂದ್ಯವಾಯಿತು. ಅಂಕಗಳು ಸಮವಾದುವೆಂದು ಹೆಚ್ಚಿನ ಅವಧಿಯನ್ನು ಕೊಟ್ಟರು, ಮತ್ತೆ ಸಮವಾಯಿತು, ಹೀಗೆ ಆರು ಸಾರಿ ಅವಧಿಯನ್ನು ಬೆಳೆಸಬೇಕಾಗಿ, ನಡುರಾತ್ರಿ ಕಳೆದಮೇಲೆ ೧೨೭ಕ್ಕೆ ೧೧೭ರಂತೆ ಸಿರಕ್ಯೂಸ್ ಗೆದ್ದಿತು. ಒಟ್ಟು ೭೦ ನಿಮಿಷಗಳ ಆ ಪಂದ್ಯದಲ್ಲಿ ಫ್ಲಿನ್ನನು ೬೭ ನಿಮಿಷ ಆಡಿ ೩೪ ಅಂಕಗಳನ್ನು ಸಂಪಾದಿಸಿದನು. ಧೈರ್ಯ, ವೇಗ, ದಣಿವರಿಯದ ದೇಹ, ಇವೆಲ್ಲವೂ ಲೋಕದ ಕಣ್ಣಿಗೆ ಬಿದ್ದುವು. ಅಂತಹವನನ್ನು ಆರಿಸಿದವರನ್ನು ಮೂಢರೆನ್ನಲು ನಮಗೆ ಮನಸ್ಸು ಬಾರದು.

ಕರಿಯ ವಿಷಯದಲ್ಲಾದರೋ ಸಂಶಯಗಳಿಗೆ ಎಡೆಯಿದ್ದಿತು. ತಂದೆ ಡೆಲ್ ಕರಿಯು ಎನ್.ಬಿ.ಎ.ಯಲ್ಲಿ ಹದಿನಾರು ವರ್ಷ ಆಡಿದವನು. ಮಗನು ಆ ಕೂಟದ ಅಳತೆಗೆ ಕುಳ್ಳನು, ಕೃಶನು, ನೋಡುವುದಕ್ಕೆ ಇನ್ನೂ ಬಾಲಕನು. ತಂದೆ ಓದಿದ ವರ್ಜೀನಿಯಾ ಟೆಕ್ ಸಂಸ್ಥೆಯೂ ವಿದ್ಯಾರ್ಥಿವೇತನವಿಲ್ಲದೆ ಬಂದರೆ ಸೇರಿಸಿಕೊಳ್ಳುವೆವೆಂದಿತಂತೆ. ಬಾಬ್ ಮೆಕಿಲಪ್ ಎಂಬ ಶಿಕ್ಷಕನು ಮಾತ್ರ ಅವನನ್ನು ಡೇವಿಡ್ಸನ್ನಿಗೆ ಕರೆದುಕೊಂಡನು. ೨೦೦೬ರ ನವೆಂಬರಿನಲ್ಲಿ ಆಡಿದ ಮೊದಲನೆಯ ಪಂದ್ಯದಲ್ಲಿ ಈ ಹುಡುಗನು ೧೩ ಸಾರಿ ಚೆಂಡನ್ನು ಎದುರಾಳಿಗಳಿಗೆ ಬಿಟ್ಟುಕೊಟ್ಟನು. ಬಡಿಸುವವನು ಹದಿಮೂರು ಸಾರಿ ಪಾತ್ರೆಯನ್ನು ಕೆಡವಿದರೆ ಯಾವ ಯಜಮಾನನು ಸುಮ್ಮನಿರುವನು? ಮೆಕಿಲಪ್ ಅವನನ್ನು ಹಿಂದಕ್ಕೆ ಕೂರಿಸಲಿಲ್ಲ. ಮರುಪಂದ್ಯದಲ್ಲಿ ಮಿಷಿಗನ್ ತಂಡದ ಎದುರು ಅವನು ೩೨ ಅಂಕಗಳನ್ನು ಗಳಿಸಿದನು.

೨೦೦೮ರ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಆ ಸಣ್ಣ ಕಾಲೇಜು ಗೊಂಜಾಗ, ಜಾರ್ಜ್‌ಟೌನ್, ವಿಸ್ಕಾನ್ಸಿನ್ ಎಂಬ ಮೂರು ದೊಡ್ಡ ತಂಡಗಳನ್ನು ಸೋಲಿಸಿತು. ಕರಿಯ ಗಳಿಕೆ ಕ್ರಮವಾಗಿ ೪೦, ೩೦, ೩೩. ಕಾಲೇಜಿನ ಧರ್ಮದರ್ಶಿಗಳು ವಿದ್ಯಾರ್ಥಿಗಳ ಪ್ರಯಾಣದ ಮತ್ತು ವಸತಿಯ ವೆಚ್ಚವನ್ನು ತಾವೇ ವಹಿಸಿ ಅವರನ್ನು ಡೆಟ್ರಾಯಿಟ್ ನಗರಕ್ಕೆ ಪಂದ್ಯ ನೋಡಲು ಕಳುಹಿಸಿದರು. ಅಲ್ಲಿ ಮಾರ್ಚ್ ೩೦ರಂದು ಕ್ಯಾನ್ಸಸ್ ತಂಡದ ಎದುರು ೫೭ಕ್ಕೆ ೫೯ರಂತೆ ಡೇವಿಡ್ಸನ್ ಸೋತಿತು. ಕ್ಯಾನ್ಸಸ್ ಮುಂದೆ ದೇಶಕ್ಕೇ ಮೊದಲಿನದಾಯಿತು. ಆ ಪಂದ್ಯದ ಕಡೆಯ ಕ್ಷಣದಲ್ಲಿ ಚೆಂಡು ಕರಿಯ ಕೈಯಲ್ಲಿದ್ದಿತು. ಇಬ್ಬರು ಎದುರಾಳಿಗಳು ಅವನ ಮೇಲೆ ಮುಗಿಬಿದ್ದರು. ಅಷ್ಟು ದಿನ ಎಲ್ಲರ ಜಯಘೋಷಕ್ಕೆ ಪಾತ್ರನಾದವನು ತಾನೇ ಎಸೆಯದೆ, ಬಿಡುವಾಗಿ ನಿಂತಿದ್ದ ಜೊತೆಗಾರ ಜೇಸನ್ ರಿಚರ್ಡ್ಸನಿಗೆ ಚೆಂಡನ್ನು ಕೊಟ್ಟನು. ಅವನೆಸೆದ ಚೆಂಡು ಬುಟ್ಟಿಗೆ ಬೀಳಲಿಲ್ಲ. ಲೆಕ್ಕದ ಪುಸ್ತಕದಲ್ಲಿ ಇದು ಸೋಲು. ಪಾಯಿಂಟ್ ಗಾರ್ಡನನ್ನು ಹುಡುಕುವವನ ಕಣ್ಣಿಗೆ ಇದಕ್ಕಿಂತ ಒಳ್ಳೆಯ ಲಕ್ಷಣವು ಬೇರೊಂದಿರದೆಂದು ನಮಗೆ ತೋರುವುದು.

ಮರುವರ್ಷ ರಿಚರ್ಡ್ಸನು ಓದು ಮುಗಿಸಿ ಹೋಗಲಾಗಿ, ಅವನು ವಹಿಸಿದ್ದ ಪಾಯಿಂಟ್ ಗಾರ್ಡ್ ಕೆಲಸವು ಕರಿಗೆ ಬಂದಿತು. ಹೊಸ ಹೊರೆಯನ್ನು ಹೊತ್ತೂ ಪಂದ್ಯಕ್ಕೆ ಸರಾಸರಿ ೨೮.೬ ಅಂಕಗಳಂತೆ ಗಳಿಸಿ ಅವನು ಇಡೀ ದೇಶದ ಕಾಲೇಜುಗಳಿಗೆ ಮೊದಲಿಗನಾದನು. ಆದರೆ ತಂಡವು ಆ ವರ್ಷ ರಾಷ್ಟ್ರೀಯ ಪಂದ್ಯಾವಳಿಗೆ ಹೋಗಲೇ ಇಲ್ಲ. ಇವನು ಹುಟ್ಟು ಪಾಯಿಂಟ್ ಗಾರ್ಡನಲ್ಲ, ಒಂದು ವರ್ಷದ ಅಭ್ಯಾಸದವನು, ದೊಡ್ಡವರ ನಡುವೆ ಜಜ್ಜಿಹೋಗುವನು ಎಂದು ಹೇಳಿದವರು ಹಲವರಿದ್ದರು.

ಮುಂದೆ ನಡೆದುದನ್ನು ಸಂಕ್ಷೇಪವಾಗಿ ಹೇಳುವೆವು. ಫ್ಲಿನ್ನನು ಮೊದಲನೆಯ ವರ್ಷ ಪಂದ್ಯಕ್ಕೆ ೧೩.೫ ಅಂಕಗಳಂತೆ ಗಳಿಸಿದನು, ಅದು ಕಡಮೆಯಲ್ಲ. ಆದರೆ ಮಿನ್ನೆಸೋಟದ ಶಿಕ್ಷಕನು ನೆಚ್ಚಿದ್ದುದು ಆಟಗಾರರು ತ್ರಿಕೋಣಾಕಾರವಾಗಿ ನಿಂತು ಚೆಂಡನ್ನು ತಮ್ಮೊಳಗೆ ಹಂಚಿಕೊಳ್ಳುವ ಪದ್ಧತಿಯನ್ನು. ಚೆಂಡನ್ನು ಕೈಯಲ್ಲಿಟ್ಟುಕೊಂಡು ನುಗ್ಗುವುದರಲ್ಲಿಯೇ ಬಲವುಳ್ಳವನಿಗೆ ಅಲ್ಲಿ ಎಡೆ ಸಾಲದು. ಬಡಿಸುವವನ ಕೈಯಿಂದ ಪಾತ್ರೆಯನ್ನು ತೆಗೆದುಕೊಂಡು ಅವನನ್ನೂ ಪಂಕ್ತಿಯಲ್ಲಿ ಕೂರಿಸಿದಂತೆ. ೨೦೧೦ರ ಬೇಸಗೆಯಲ್ಲಿ ಸೊಂಟದ ಕೀಲಿಗೆ ಶಸ್ತ್ರಚಿಕಿತ್ಸೆಯಾಯಿತು. ಮೊದಲಿನ ವೇಗವು ಮರಳಲಿಲ್ಲ. ಒಂದು ತಂಡದಿಂದ ಇನ್ನೊಂದಕ್ಕೆ ಹೋಗಿ, ೨೦೧೨ರಲ್ಲಿ, ಮೂರೇ ವರ್ಷಗಳಿಗೆ, ಅವನ ಎನ್.ಬಿ.ಎ. ಆಟ ಮುಗಿಯಿತು. ಬಳಿಕ ಆಸ್ಟ್ರೇಲಿಯದ ಮೆಲ್ಬರ್ನ್ ಮೊದಲಾದ ಕಡೆ ಆಡಿದನು.

ಕರಿಗೂ ದೇಹವು ಕೈಕೊಟ್ಟಿತು. ಬಲಗಾಲಿನ ಹರಡು ಮತ್ತೆ ಮತ್ತೆ ಉಳುಕಿ, ೨೦೧೧ರಲ್ಲಿ ಒಮ್ಮೆ, ೨೦೧೨ರಲ್ಲಿ ಒಮ್ಮೆ ಶಸ್ತ್ರಚಿಕಿತ್ಸೆ. ಆ ಎರಡರ ನಡುವಿನ ಋತುವಿನ ೬೬ ಪಂದ್ಯಗಳಲ್ಲಿ ಅವನು ಆಡಿದುದು ೨೬. ಇಬ್ಬರು ಸಣ್ಣಾಳುಗಳು ಒಟ್ಟಿಗೆ ಆಡಲಾಗದೆಂಬ ಮಾತೂ ಎದ್ದಿದ್ದಿತು. ಆಗ ಗೋಲ್ಡನ್ ಸ್ಟೇಟ್ ತಂಡದವರು ಗಟ್ಟಿಮುಟ್ಟಾಗಿದ್ದ, ಜನರ ಪ್ರೀತಿಗೆ ಪಾತ್ರನಾಗಿದ್ದ ಮಾಂಟಾ ಎಲ್ಲಿಸ್ ಎಂಬವನನ್ನು ೨೦೧೨ರ ಮಾರ್ಚಿಯಲ್ಲಿ ಬೇರೊಂದು ತಂಡಕ್ಕೆ ಕೊಟ್ಟು, ಕಾಲು ನೊಂದವನನ್ನು ಉಳಿಸಿಕೊಂಡರು. ೨೦೧೫ರಲ್ಲಿ ಆ ತಂಡಕ್ಕೆ ೪೦ ವರ್ಷಗಳ ಮೇಲೆ ಮೊದಲ ಬಾರಿಗೆ ಪ್ರಶಸ್ತಿ ಬಂದಿತು. ಮತ್ತೆ ೨೦೧೭, ೨೦೧೮, ೨೦೨೨ರಲ್ಲಿ. ೨೦೧೬ರಲ್ಲಿ ವರ್ಷದ ಶ್ರೇಷ್ಠ ಆಟಗಾರನನ್ನು ಆರಿಸುವ ೧೩೧ ಮಂದಿಯೂ ಕರಿಯ ಹೆಸರನ್ನೇ ಮೊದಲು ಬರೆದರು. ಹಾಗೆ ಒಮ್ಮತವಾದುದು ಅದೇ ಮೊದಲು. ೨೦೨೫ರ ಮಾರ್ಚಿಯಲ್ಲಿ ಅವನ ಮೂರಂಕದ ಎಸೆತಗಳು ೪,೦೦೦ಕ್ಕೆ ಮುಟ್ಟಿದುವು. ಅಲ್ಲಿಗೆ ಮುಟ್ಟಿದವರು ಅವನಿಗಿಂತ ಮುಂಚೆ ಯಾರೂ ಇಲ್ಲ.

ಹಾಗಾದರೆ ಗಾದೆಯು ಸುಳ್ಳೇ? ಸುಳ್ಳೆಂದು ನಮಗೆ ತೋರುವುದಿಲ್ಲ. ಮೊಳಕೆಯಲ್ಲಿ ಏನನ್ನು ನೋಡಬೇಕೆಂಬುದನ್ನು ಗಾದೆಯು ಹೇಳಲಿಲ್ಲ, ಅಷ್ಟೆ. ಎತ್ತರ, ತೂಕ, ಗಳಿಸಿದ ಅಂಕ, ಇವು ಇಂದಿನ ಅಳತೆಗಳು. ನೋಡತಕ್ಕದ್ದು ಬೇರೊಂದುಂಟು. ಹೈಸ್ಕೂಲಿನಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿದ ಬೇಸಗೆಯಲ್ಲಿ, ಕರಿಯು ಚೆಂಡನ್ನು ತೀರ ಕೆಳಗಿನಿಂದ ಎಸೆಯುತ್ತಿರುವನೆಂದೂ ಎತ್ತರದವರು ಅದನ್ನು ಸುಲಭವಾಗಿ ತಡೆಯುವರೆಂದೂ ತಂದೆಯು ಹೇಳಿ, ತಲೆಯ ಮೇಲಿನಿಂದ ಎಸೆಯುವುದನ್ನು ಮೊದಲಿನಿಂದ ಕಲಿಸಿದನು. ಚೆನ್ನಾಗಿ ಬರುತ್ತಿದ್ದುದನ್ನು ಬಿಟ್ಟು ಬಾರದುದನ್ನು ಹಿಡಿದ ಆ ತಿಂಗಳುಗಳು ಬಹು ಕಷ್ಟದವಾಗಿದ್ದುವೆಂದು ಮಗನೇ ಮುಂದೆ ಹೇಳಿಕೊಂಡಿರುವನು. ಮೊದಲ ಪಂದ್ಯದ ೧೩ ತಪ್ಪುಗಳ ಮರುದಿನ ಮತ್ತೆ ಆಡಿದುದು, ಮೂರನೆಯ ವರ್ಷ ಹೊಸ ಕೆಲಸಕ್ಕೆ ಕೈಹಾಕಿದುದು, ಇವೆಲ್ಲವೂ ಒಂದೇ ಸ್ವಭಾವದ ಗುರುತುಗಳು. ಎಷ್ಟು ಬಲ್ಲನೆಂಬುದಕ್ಕಿಂತ, ಬಲ್ಲುದನ್ನು ಬಿಟ್ಟು ಮತ್ತೆ ಕಲಿಯಬಲ್ಲನೇ ಎಂಬುದೇ ಪರೀಕ್ಷಿಸತಕ್ಕ ವಿಷಯ.

ಆದರೆ ಇಷ್ಟರಿಂದಲೇ ಮುಗಿಯಿತೆಂದರೆ ಫ್ಲಿನ್ನನಿಗೆ ಅನ್ಯಾಯ ಮಾಡಿದಂತಾಗುವುದು. ಅವನು ಕಲಿಯಲಾರದವನೆಂದು ಹೇಳಲು ನಮಗೆ ಏನು ಆಧಾರ? ಅವನನ್ನು ನೆಟ್ಟ ಮಣ್ಣು ಬೇರೆ, ಕಾಯಿಲೆ ಬಂದ ಗಳಿಗೆ ಬೇರೆ. ಕರಿಗೆ ತಪ್ಪು ಮಾಡಿದಾಗ ಕೂರಿಸದ ಶಿಕ್ಷಕನು ದೊರೆತನು, ಕಾಲು ಉಳುಕಿದಾಗ ಕಾದ ತಂಡವು ದೊರೆತಿತು. ಮಿನ್ನೆಸೋಟವು ಆರನೆಯವನಾಗಿ ಕರಿಯನ್ನೇ ಕರೆದಿದ್ದರೆ, ಆ ತ್ರಿಕೋಣದ ಪದ್ಧತಿಯಲ್ಲಿ ಅವನು ಏನಾಗುತ್ತಿದ್ದನೋ ಯಾರು ಬಲ್ಲರು?

ಇದು ಇಬ್ಬರದೇ ಕಥೆಯಲ್ಲ. ಅದೇ ೨೦೦೯ರ ಆಯ್ಕೆಯಲ್ಲಿ ಹದಿನೇಳನೆಯವನಾದ ಜ್ರೂ ಹಾಲಿಡೇ ಕಾಲೇಜಿನಲ್ಲಿ ಆಡಿದುದು ಒಂದೇ ವರ್ಷ, ಪಂದ್ಯಕ್ಕೆ ಒಂಬತ್ತು ಅಂಕಗಳೂ ತುಂಬಿರಲಿಲ್ಲ. ಅವನು ೨೦೨೧ರಲ್ಲಿ ಮಿಲ್ವಾಕಿ ತಂಡದೊಡನೆಯೂ ೨೦೨೪ರಲ್ಲಿ ಬಾಸ್ಟನ್ ತಂಡದೊಡನೆಯೂ ಪ್ರಶಸ್ತಿಯನ್ನು ಗೆದ್ದನು. ೨೦೧೧ರಲ್ಲಿ ಕಾಲೇಜುಗಳಿಗೆಲ್ಲ ಮೊದಲಿಗನಾಗಿ ೨೮.೯ರ ಸರಾಸರಿಯಿಂದ ಬಂದ ಜಿಮ್ಮರ್ ಫ್ರೆಡೆಟ್ ಎಂಬವನು, ಹತ್ತನೆಯವನಾಗಿ ಆರಿಸಲ್ಪಟ್ಟೂ ಎನ್.ಬಿ.ಎ.ಯಲ್ಲಿ ನೆಲೆಯೂರದೆ, ಚೀನದ ಶಾಂಘೈ ನಗರದಲ್ಲಿ ಜನರ ಕಣ್ಮಣಿಯಾದನು. ೧೯೮೪ರಲ್ಲಿ ಹದಿನಾರನೆಯವನಾಗಿ ಯೂಟ ತಂಡವನ್ನು ಸೇರಿದ ಜಾನ್ ಸ್ಟಾಕ್ಟನ್ ಒಂದೇ ತಂಡದಲ್ಲಿ ೧೯ ವರ್ಷವಿದ್ದು, ಜೊತೆಗಾರರು ಬುಟ್ಟಿಗೆ ಹಾಕುವಂತೆ ೧೫,೮೦೬ ಸಾರಿ ಚೆಂಡನ್ನು ನೀಡಿದನು. ಹಾಲಿಡೇಯ ಅಂಕಗಳನ್ನು ನೋಡಿ ಬೇಡವೆಂದವನೂ, ಫ್ರೆಡೆಟ್ಟನ ಅಂಕಗಳನ್ನು ನೋಡಿ ಬೇಕೆಂದವನೂ ಒಂದೇ ಬಗೆಯ ತಕ್ಕಡಿಯನ್ನು ನೆಚ್ಚಿದವರು.

ಇನ್ನು ಜಯವೆಂದರೆ ಏನೆಂಬುದನ್ನೂ ಯೋಚಿಸಬೇಕು. ಸಾವಿರಾರು ಮಂದಿಯಲ್ಲಿ ಅರುವತ್ತು ಮಂದಿಯನ್ನು ಕರೆಯುವ ಬಾಗಿಲಲ್ಲಿ ನಿಂತವನು, ಆ ಬಾಗಿಲು ತೆರೆಯದಿದ್ದರೂ ಬದುಕುವಂತಿರಬೇಕು. ಕರಿಯು ಮೂರು ವರ್ಷ ಓದಿ ಕಾಲೇಜನ್ನು ಬಿಟ್ಟುಹೋದವನು. ಹಣ, ಕೀರ್ತಿ ಎಲ್ಲವೂ ಬಂದಮೇಲೆ, ಉಳಿದಿದ್ದ ಪಾಠಗಳನ್ನು ಮುಗಿಸಿ ೨೦೨೨ರಲ್ಲಿ, ತನ್ನ ೩೪ನೆಯ ವಯಸ್ಸಿನಲ್ಲಿ, ಡೇವಿಡ್ಸನ್ನಿನಿಂದ ಸಮಾಜಶಾಸ್ತ್ರದ ಪದವಿಯನ್ನು ಪಡೆದನು. ಅವನಿಗೆ ಅದರಿಂದ ಒಂದು ಕಾಸಿನ ಲಾಭವೂ ಇದ್ದಿರಲಾರದು. ಹಿಡಿದುದನ್ನು ಅರ್ಧಕ್ಕೆ ಬಿಡಬಾರದೆಂಬ ಒಂದು ಮನೆತನದ ಬುದ್ಧಿ ಅದರಲ್ಲಿ ಕಾಣುವುದು. ನಮ್ಮ ಸೋದರಳಿಯನಿಗೆ ಅವನ ನಾಲ್ಕು ಸಾವಿರ ಎಸೆತಗಳು ಬಾಯಿಪಾಠವಾಗಿವೆ. ಈ ಒಂದು ಸಂಗತಿಯು ಅವನಿಗೆ ತಿಳಿದಿರಲಿಲ್ಲ. ನಾವೇ ಓದಿ ಹೇಳಿದೆವು.

ಅಮೆರಿಕದ ತಂಡಗಳಿಗೆ ಹಣವುಂಟು. ಒಬ್ಬನು ನಿಲ್ಲದಿದ್ದರೆ ಮರುವರ್ಷ ಇನ್ನೊಬ್ಬನನ್ನು ಕರೆಯುವುವು. ತಂದೆತಾಯಿಗಳಿಗೆ ಅಂತಹ ಮರುವರ್ಷವಿಲ್ಲ. ಮನೆಯಲ್ಲಿರುವ ಮಗನನ್ನೋ ಮಗಳನ್ನೋ ಇಟ್ಟುಕೊಂಡೇ ನಡೆಯಬೇಕು. ಹದಿನಾರನೆಯ ವಯಸ್ಸಿನ ಒಂದು ಪರೀಕ್ಷೆಯ ಅಂಕಗಳನ್ನು ಹಿಡಿದು, ಇವನಿಂದ ಏನೂ ಆಗದೆಂದು ನೆಂಟರ ಎದುರಿಗೆ ಹೇಳುವುದೂ, ಇವನೇ ಕುಲದೀಪಕನೆಂದು ಹೊಲವನ್ನು ಮಾರುವುದೂ ನಮ್ಮಲ್ಲಿ ಈಗಲೂ ನಡೆಯುತ್ತಲೇ ಇರುವುದು. ಎರಡೂ ಅವಸರದ ತೀರ್ಪುಗಳು.

ಆದುದರಿಂದ, ಮುಂದೆ ಬರುತ್ತಾನೆಯೇ ಎಂದು ಯಾರಾದರೂ ಈಗ ಬಂದು ಕೇಳಿದರೆ ನಾವು ಎರಡು ಪ್ರಶ್ನೆಗಳನ್ನು ಹಿಂದಿರುಗಿ ಕೇಳುವೆವು. ಹೋದ ವರ್ಷ ಬಾರದಿದ್ದುದು ಈ ವರ್ಷ ಅವನಿಗೆ ಏನು ಬಂದಿದೆ? ತಪ್ಪಿದ ದಿನ ಅವನನ್ನು ಹಿಂದಕ್ಕೆ ಕೂರಿಸದೆ ನಿಲ್ಲಿಸಿಕೊಳ್ಳುವವರು ಅವನ ಸುತ್ತ ಯಾರಿದ್ದಾರೆ? ಮೊದಲನೆಯದಕ್ಕೆ ಹುಡುಗನು ಉತ್ತರ ಹೇಳಬೇಕು. ಎರಡನೆಯದಕ್ಕೆ ಹೇಳಬೇಕಾದವರು ನಾವೇ.